ರೊಟ್ಟಿ ಉಂಡು ಹೊರಟ ಕೌದಿ

ನನ್ನ ಹಳೆಯ ಡೈರಿಯಲ್ಲಿ ಆ ದಿನಕ್ಕೆ ಇರುವುದು ಒಂದೇ ಸಾಲು: ‘ಅವ್ವನ ಪಾರ್ಸೆಲ್ ಇವತ್ತೂ ವಾಪಸು.’ ಕೆಳಗೊಂದು ಗೆರೆ. ಆಮೇಲೆ ಮರುದಿನದ ಪಾಠದ ಟಿಪ್ಪಣಿ. ‘ಇವತ್ತೂ’ ಅಂದಮೇಲೆ ಅದಕ್ಕೂ ಮೊದಲು ಒಮ್ಮೆ ವಾಪಸಾಗಿತ್ತು ಎಂದಾಯಿತು. ಒಟ್ಟು ಎಷ್ಟು ಸಲ? ನನ್ನನ್ನು ಕೇಳಿದರೆ ಮೂರು ಎನ್ನುತ್ತೇನೆ. ಡೈರಿ ಎರಡು ಎನ್ನುತ್ತದೆ. ಅವ್ವ ಹೇಳುವಾಗ ಅದು ಆರೇಳು ಸಲ ಆಗುತ್ತಿತ್ತು.

ಕಾಲೇಜಿನಲ್ಲಿ ಇತಿಹಾಸ ಕಲಿಸಿದವಳು ನಾನು. ಸಾಕ್ಷಿ ಇಲ್ಲದ್ದನ್ನು ನಂಬಬೇಡಿ ಎಂದು ಮಕ್ಕಳಿಗೆ ಹೇಳುತ್ತ ಬಂದವಳು. ಹಾಗಾಗಿ ಇದನ್ನು ಬರೆಯಲು ಕೂತಾಗ, ನೆನಪಿಗೂ ಡೈರಿಗೂ ಜಗಳ ಬಂದ ಕಡೆಯೆಲ್ಲ ಡೈರಿಯ ಪಕ್ಷ ವಹಿಸಬೇಕು ಅಂದುಕೊಂಡಿದ್ದೆ. ಆದರೆ ಆ ಡೈರಿ ಬರೆದವಳೂ ನಾನೇ ತಾನೆ? ಆಗ ನನಗೆ ಇಪ್ಪತ್ತಾರು ವರ್ಷ, ಬೆಳಗಾವಿಯಲ್ಲಿ ಹೊಸ ಕೆಲಸ, ಬೇಸರವಾದದ್ದನ್ನಷ್ಟೇ ಬರೆದಿಡುವ ಚಟ. ನಕ್ಕದ್ದನ್ನು ಬರೆದೇ ಇಲ್ಲ. ಆ ಪಾರ್ಸೆಲ್ ವಿಷಯದಲ್ಲಿ ನಾವು ನಕ್ಕದ್ದೇ ಹೆಚ್ಚು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಅಕ್ಕನಿಗೆ ಚೊಚ್ಚಲ ಬಸಿರು. ಭಾವ ಅಸ್ಸಾಮಿನಲ್ಲಿ ಸೇತುವೆ ಕಟ್ಟುವ ಕೆಲಸದಲ್ಲಿದ್ದರು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂದು ಖಾನಾಪುರದ ನಮ್ಮ ಮನೆಯಲ್ಲಿ ಅವ್ವ ಒಳಕೋಣೆಗೆ ಸುಣ್ಣ ಬಳಿಸಿಟ್ಟಿದ್ದಳು. ಅಷ್ಟರಲ್ಲಿ ಅಸ್ಸಾಮಿನಲ್ಲಿ ಅಕ್ಕನನ್ನು ನೋಡುತ್ತಿದ್ದ ಡಾಕ್ಟರು ಅಷ್ಟು ದೂರದ ರೈಲು ಪ್ರಯಾಣ ಬೇಡವೇ ಬೇಡ ಎಂದರು. ಅಕ್ಕನ ಅತ್ತೆಯೇ ಅಲ್ಲಿಗೆ ಹೋಗಿ ನೋಡಿಕೊಳ್ಳುವುದೆಂದು ಕಾಗದ ಬಂತು. ವಯಸ್ಸಾದ ಅಜ್ಜಿಯನ್ನು ಬಿಟ್ಟು ಅವ್ವ ತಿಂಗಳುಗಟ್ಟಲೆ ಹೋಗುವಂತಿರಲಿಲ್ಲ. ಮರುದಿನ ಅವ್ವ ಟ್ರಂಕು ತೆರೆದು ಹಳೆಯ ಸೀರೆಗಳನ್ನು ಹೊರಗೆ ಎಳೆದಳು.

ನಮ್ಮ ಮನೆತನದಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅದರ ಕೆಳಗೆ ತವರಿನ ಕೌದಿ ಇರಬೇಕು. ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂಡಿಸಿ, ಕೈಯಲ್ಲೇ ಸಾಲು ಸಾಲು ಹೊಲಿದ ಕೌದಿ. ಸೀರೆಗಳು ತವರಿನ ಹೆಂಗಸರು ಉಟ್ಟು ಸವೆಸಿದವೇ ಆಗಬೇಕು. ಅಜ್ಜಿಯದೊಂದು ಇಳಕಲ್ ಸೀರೆ, ಬೀಡಿ ಎಂಬ ಹಳ್ಳಿಯಲ್ಲಿದ್ದ ಸೋದರತ್ತೆ ಕಳಿಸಿದ ಎರಡು, ಅವ್ವನವು ಮೂರು. ಏಳನೆಯದು ನನ್ನದು, ಧಾರವಾಡದ ಹಾಸ್ಟೆಲಿನ ದಿನಗಳ ತೆಳು ನೀಲಿ ವಾಯಿಲ್. ಅದನ್ನು ಸಂತೋಷದಿಂದ ಕೊಟ್ಟೆ ಎಂದು ನನ್ನ ನೆನಪು. ‘ನೀಲಿ ಸೀರೆಯೂ ಹೋಯಿತು’ ಎಂದು ಡೈರಿ.

ಹೊಲಿಗೆ ಮುಗಿಯುತ್ತ ಬಂದಂತೆ ಕೌದಿ ಪಡಸಾಲೆಯ ತುಂಬ ಹರಡಿಕೊಂಡಿತು.

“ತೊಟ್ಟಿಲಿಗೆ ಇಷ್ಟ ದೊಡ್ಡದು ಯಾಕವ್ವಾ?” ಎಂದೆ.

“ಕೂಸಿಗಷ್ಟ ಹೊಲದರ ನನ್ನ ಮಗಳು ಏನ ಹೊಚ್ಚಿಕೋಬೇಕು? ಮಡಚಿ ಹಾಸಿದರ ಕೂಸಿಗೆ, ಬಿಚ್ಚಿ ಹೊಚ್ಚಿದರ ಇಬ್ಬರಿಗೂ.”



ಒಂದು ಮೂಲೆ ಮಾತ್ರ ಹೊಲಿಯದೆ ಉಳಿದಿತ್ತು. ಕೌದಿಯ ಕಡೆಯ ಹೊಲಿಗೆ ಹಾಕುವ ಮುನ್ನ ಆ ಮೂಲೆಯೊಳಗೆ ಒಂದು ಚೂರು ರೊಟ್ಟಿ ಇಡುತ್ತಾರೆ. ಕೌದಿ ಹಸಿದಿರಬಾರದು, ಅದರ ಹೊಟ್ಟೆ ತುಂಬಿದ್ದರೆ ಹೊದ್ದವರ ಹೊಟ್ಟೆಯೂ ತುಂಬಿರುತ್ತದೆ ಎಂದು ನಂಬಿಕೆ. “ಊರ ಬಿಡೂ ಹೊತ್ತಿನ್ಯಾಗ ಉಣಿಸಿ ಕಳಸೂಣು” ಎಂದು ಅವ್ವ ಆ ಮೂಲೆಯನ್ನು ಬಿಟ್ಟಿದ್ದಳು. ಹೆರಿಗೆಗೆ ಇನ್ನು ಒಂದೂವರೆ ತಿಂಗಳು. ಅಸ್ಸಾಮಿಗೆ ಪಾರ್ಸೆಲ್ ಮುಟ್ಟಲು ಮೂರು ವಾರ, ಒಮ್ಮೊಮ್ಮೆ ನಾಲ್ಕು. ಹೊತ್ತು ಇತ್ತು, ಆದರೆ ಹೆಚ್ಚಿರಲಿಲ್ಲ.

ನಂದಗಡದ ಸಂತೆಯಿಂದ ಅವ್ವ ಮುಚ್ಚಳವಿದ್ದ ದೊಡ್ಡ ಬಿದಿರಿನ ಬುಟ್ಟಿ ತಂದಳು. ಅದರೊಳಗೆ ಕೌದಿ, ಬಾಣಂತಿಗೆಂದು ಅಂಟಿನುಂಡಿ, ಕೂಸಿನ ತಲೆ, ಬೆನ್ನು ಮುಚ್ಚುವ ಎರಡು ಕುಂಚಿಗಿ. ಒಂದು ಶನಿವಾರ ಮಧ್ಯಾಹ್ನ ನಾನೂ ಅವ್ವನೂ ಅದನ್ನು ಆಚೀಚೆ ಹಿಡಿದುಕೊಂಡು ಊರಿನ ಟಪಾಲ ಕಚೇರಿಗೆ ಹೋದೆವು.

ಅಲ್ಲಿನ ಪೋಸ್ಟ್ ಮಾಸ್ತರು ಮನೆಯಲ್ಲಿ ಮರಾಠಿ, ಕೌಂಟರಿನಲ್ಲಿ ಕನ್ನಡ ಮಾತಾಡುವ ಮನುಷ್ಯ; ಅವ್ವನನ್ನು ಮಾತ್ರ ಮರಾಠಿಯಲ್ಲೇ ‘ಮಾವಶಿ’, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಅಳತೆಯ ಟೇಪನ್ನು ದರ್ಜಿಯ ಹಾಗೆ ಕೊರಳಿಗೆ ಹಾಕಿಕೊಂಡಿದ್ದರು. ಬುಟ್ಟಿಯನ್ನು ಕಂಡೇ ತಲೆ ಅಲ್ಲಾಡಿಸಿದರು.

“ಮಾವಶಿ, ಇದು ನಡೆಯಂಗಿಲ್ಲ.”

“ಯಾಕ ನಡೆಯಂಗಿಲ್ಲ? ಗಟ್ಟಿ ಐತಿ. ಸಂತ್ಯಾಗ ಮ್ಯಾಲ ಕುಂತು ನೋಡಿ ತಂದೇನಿ.”

“ಗಟ್ಟಿ ಇರಲ್ರಿ. ಅಳತಿ ದೊಡ್ಡದಾತು. ಉದ್ದ ಎಷ್ಟು, ಸುತ್ತಳತಿ ಎಷ್ಟು, ಎರಡೂ ಕೂಡಸಬೇಕು. ಅದಕ್ಕೊಂದು ಮಿತಿ ಅದ.”

“ಉದ್ದಕ್ಕ ಸುತ್ತಳತಿ ಯಾಕ ಕೂಡಸ್ತೀರಿ? ನನ್ನ ಎತ್ತರಕ್ಕ ನನ್ನ ಸೊಂಟ ಕೂಡಸಿದರ ನಾನೂ ಈ ಬಾಗಲದಾಗ ಹಾಯಂಗಿಲ್ಲ!”

ಅಂಚೆ ಕಾರ್ಡು ಕೊಳ್ಳಲು ನಿಂತಿದ್ದವರು ನಕ್ಕರು. ಮಾಸ್ತರು ನಗಲಿಲ್ಲ, ಗೋಡೆಗೆ ಅಂಟಿಸಿದ್ದ ಹೊಸ ದರಪಟ್ಟಿಯತ್ತ ಬೆರಳು ತೋರಿದರು. ಅದು ಅಷ್ಟು ಹೊಸದೆಂದರೆ ಅಂಟು ಇನ್ನೂ ಒದ್ದೆಯಾಗಿತ್ತು. ಒದ್ದೆಯಾಗಿತ್ತೆಂದು ನನಗೆ ಹೇಗೆ ಗೊತ್ತು? ಮುಟ್ಟಿ ನೋಡಿದ್ದೆನೆ? ಇರಲಿ, ಹೊಸದಾಗಿತ್ತು.

“ಹೋದ ವರ್ಷ ಚಕ್ಕಲಿ ಕಳಿಸಿದಾಗ ಇಷ್ಟ ಇರಲಿಲ್ಲಲ್ರಿ?”

“ದರ ಏರೇದ ಮಾವಶಿ. ಅರ್ಧ ಕಿಲೋಕ್ಕ ಇಷ್ಟು. ಮ್ಯಾಲ ಒಂದ ಎಳಿ ಹೆಚ್ಚಾದರೂ ಮುಂದಿನ ಅರ್ಧ ಕಿಲೋದ ದರ. ನಾ ಏರಸಿಲ್ಲ, ದಿಲ್ಲಿಯಾಗ ಏರಸ್ಯಾರ.”

“ದಿಲ್ಲಿಯವರ ಹೆಣ್ಣಮಕ್ಕಳು ಯಾರೂ ದೂರ ಇಲ್ಲೇನು? ಎಲ್ಲಾರೂ ತವರಿಗೇ ಬರ್ತಾರ?”

ಮಾಸ್ತರು ಕಿವಿ ಕೆರೆದುಕೊಂಡರು.

ಹೆಚ್ಚಿನ ಹಣ ನಾನು ಕೊಡುತ್ತೇನೆ ಎಂದರೆ ಅವ್ವ ಒಪ್ಪಲಿಲ್ಲ. ಇಲ್ಲದ ಅರ್ಧ ಕಿಲೋಕ್ಕೆ ಯಾಕೆ ಕೊಡಬೇಕು ಎಂಬುದು ಅವಳ ಹಟ. ಉಂಡಿಯನ್ನು ತೆಗೆದುಬಿಡೋಣ ಎಂದರೆ ಮಗಳು ಬರಿ ಕೌದಿ ತಿನ್ನಬೇಕೇನು ಎಂದು ಕೇಳಿದಳು. ಮನೆಗೆ ಬಂದು ಬುಟ್ಟಿಯನ್ನು ಈರುಳ್ಳಿ ಇಡಲು ಬಿಟ್ಟು, ಕೌದಿಯನ್ನು ಹಾಸಿಗೆಯ ಹಾಗೆ ಸುರುಳಿ ಸುತ್ತಿ ಮಂಜರಪಾಟದ ದಪ್ಪ ಬಿಳಿ ಬಟ್ಟೆಯಲ್ಲಿ ಹೊಲಿದಳು. ಆಮೇಲೆ ಅವಳು ತೆಗೆದುಕೊಂಡ ನಿರ್ಧಾರಕ್ಕೆ ನನ್ನ ಎಂ.ಎ. ಪದವಿಯೂ ತಲೆಯಾಡಿಸಿತು ಎಂಬುದನ್ನು ಒಪ್ಪಿಕೊಳ್ಳಬೇಕು.

“ಬೆಳಗಾವಿಗೆ ಒಯ್ಯೂಣು. ದೊಡ್ಡ ಊರು. ಅಲ್ಲಿ ಅಳತೀನೂ ದೊಡ್ಡದಿರ್ತೈತಿ.”

ಹಾಗೆ ಸುರುಳಿಯೂ ಅವ್ವನೂ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಬೆಳಗಾವಿಗೆ ಬಂದರು. ದೊಡ್ಡ ಊರಿನಲ್ಲೂ ಅಳತೆ ಅಷ್ಟೇ ಇತ್ತು. ಕೌಂಟರಿನಾಚೆಯವರು ಸುರುಳಿಯನ್ನು ನೋಡಿ, ನಿಯಮ ಹೇಳಿ, ಹಿಂದಿನವರನ್ನು ಕರೆದರು. ಡೈರಿಯಲ್ಲಿ ಇರುವ ಸಾಲು ಈ ದಿನದ್ದು. ಹೊರಗೆ ಬಂದ ಅವ್ವನಿಗೆ ಪಾರ್ಸೆಲ್ ವಾಪಸಾದದ್ದಕ್ಕಿಂತ ಬೇರೆಯದೇ ಬೇಸರ.

“ಗಾಜಿನ ಹಿಂದ ಕುಂತಾರ, ಮಾತಾಡಾಕ ಆಗಂಗಿಲ್ಲ. ನಮ್ಮ ಮಾಸ್ತರ ಆದರ ಬೈಯಾಕರ ಸಿಗತಾರ.”

ನಾನು ಬಾಡಿಗೆಗೆ ಇದ್ದದ್ದು ಖಾಸಬಾಗದಲ್ಲಿ, ನೇಕಾರರ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ. ಮನೆಯೊಡೆಯರನ್ನು ಕಾಕಾ, ಅವರ ಹೆಂಡತಿಯನ್ನು ಕಾಕು ಎನ್ನುತ್ತಿದ್ದೆ. ಅವ್ವ ಆ ಸುರುಳಿಯನ್ನು ಕಟ್ಟೆಯ ಮೇಲೆ ಒಗೆದು ಉಸ್ಸೆಂದು ಕೂತದ್ದನ್ನು ನೋಡಿ ಕಾಕಾ ಮಗ್ಗ ನಿಲ್ಲಿಸಿ ಹೊರಗೆ ಬಂದರು.

“ಅಕ್ಕಾರ, ಇದರಾಗ ಇರೂದು ಅರಿವಿ ಅಲ್ರಿ, ಗಾಳಿ. ನಾಲ್ಕ ಆಣೆ ಅರಿವಿ, ಹನ್ನೆರಡ ಆಣೆ ಗಾಳಿ. ಗಾಳಿ ಯಾಕ ಅಸ್ಸಾಮಿಗೆ ಕಳಸ್ತೀರಿ?”

ನೇಯ್ದ ಸೀರೆಗಳನ್ನು ವ್ಯಾಪಾರಿಗೆ ಕಳಿಸುವಾಗ ಅವರು ಗಂಟು ಕಟ್ಟುವ ಒಂದು ರೀತಿ ಇತ್ತು. ಕೆಳಗೊಂದು ಹಲಗೆ, ಮೇಲೊಂದು ಹಲಗೆ, ನಡುವೆ ಮಡಚಿದ ಸೀರೆ. ಮೇಲಿನ ಹಲಗೆಯ ಮೇಲೆ ಜನ ನಿಂತು, ಗಾಳಿಯೆಲ್ಲ ಹೋದಮೇಲೆ ಹಗ್ಗ ಬಿಗಿಯುವುದು. ಕಾಕಾ ಹೊಲಿಗೆ ಬಿಚ್ಚಿ, ಕೌದಿಯನ್ನು ಸೀರೆಯಂತೆ ಚೌಕಾಗಿ ಮಡಚಿ ಹಲಗೆಗಳ ನಡುವೆ ಇಟ್ಟರು. ಅವ್ವ ಹತ್ತಿದಳು. ಕಾಕು ಹತ್ತಿದಳು. ಜಾಗವಿಲ್ಲದೆ ನಾನು ಇಬ್ಬರನ್ನೂ ತಬ್ಬಿಕೊಂಡು ಹತ್ತಿದೆ.

“ಕುಣೀಬ್ಯಾಡ್ರಿ, ಬರೇ ನಿಂದರ್ರಿ!” ಎಂದು ಕಾಕಾ ಕೆಳಗಿನಿಂದ ಕೂಗುತ್ತಿದ್ದರು.

“ಯಾರ ಕುಣ್ಯಾಕತ್ಯಾರು? ನಿಮ್ಮ ಹಲಗೀನ ಕುಣ್ಯಾಕತ್ತೈತಿ!” ಎಂದಳು ಕಾಕು.

ಅಕ್ಕನ ಕಾಗದ ಬಂದ ಮೇಲೆ ಅವ್ವ ಬಾಯಿ ತುಂಬ ನಕ್ಕದ್ದು ಅವತ್ತೇ ಮೊದಲು. ಮೂವರೂ ನಗುತ್ತ ಒಂದೇ ಸಲ ಕೆಳಗೆ ಬಿದ್ದೆವು ಎಂದು ನಾನು ಹೇಳುತ್ತ ಬಂದಿದ್ದೇನೆ. ನಿಜಕ್ಕೂ ಬಿದ್ದೆವೋ ಇಲ್ಲವೋ. ಕಾಕು ಮಾತ್ರ ಬಿದ್ದಿರಬಹುದು. ಹಗ್ಗ ಬಿಗಿದು, ಉಂಡಿ ಕುಂಚಿಗಿಗಳನ್ನು ಜೊತೆಗಿಟ್ಟು ಮಂಜರಪಾಟ ಹೊಲಿದಾಗ ಗಂಟು ಒಂದು ದಪ್ಪ ನಿಘಂಟಿನ ಗಾತ್ರಕ್ಕೆ ಬಂದಿತ್ತು ಎಂದು ಬರೆಯಲು ಕೈ ತುರಿಸುತ್ತದೆ. ಸುಟ್‌ಕೇಸಿನಷ್ಟು ಎಂದರೆ ನಿಜಕ್ಕೆ ಹತ್ತಿರ.

ಮರುದಿನ ಬೆಳಿಗ್ಗೆ ಮತ್ತೆ ಖಾನಾಪುರದ ರೈಲು. ಅಲ್ಲಿಯೇ ಕಳಿಸಬೇಕೆಂದು ಅವ್ವನ ಪಟ್ಟು. ನಾನು ಅರ್ಧ ದಿನ ರಜೆ ಹಾಕಿದೆ. ಗಂಟು ಇಡೀ ಇರುಳು ಕಾಕುವಿನ ಅಂಗಳದ ಕಟ್ಟೆಯ ಮೇಲೇ ಇತ್ತು. ಕಾರ್ತಿಕದ ಇಬ್ಬನಿ ಧಾರಾಳವಾಗಿ ಬಿದ್ದಿತ್ತು. ಅದು ತಲೆಗೆ ಹೊಳೆದದ್ದು ಮಾಸ್ತರು ತೂಗಿದ ಮೇಲೆ.

“ಅಳತಿ ಬರೋಬರಿ ಆತು ಮಾವಶಿ, ಶಾಬಾಸ್. ತೂಕ ಸೊಲ್ಪ ಹೆಚ್ಚಾಗೇದ. ಮುಂದಿನ ಅರ್ಧ ಕಿಲೋಕ್ಕ ಹೋಗ್ತದ.”

ಅವ್ವ ಗಂಟನ್ನು ಕೆನ್ನೆಗೆ ಒತ್ತಿ ನೋಡಿದಳು. “ಇಬ್ಬನಿ ಕುಡದೈತಿ. ನೀರಿಗೂ ಟಪಾಲ ರೊಕ್ಕ ಕೊಡಬೇಕೇನ್ರಿ?”

ಅಲ್ಲೇ ದಾರ ಕಿತ್ತು, ಉಂಡಿಯ ಚೀಲ ಹೊರಗಿಟ್ಟು, ಕೌದಿಯನ್ನು ಟಪಾಲ ಕಚೇರಿಯ ಕಂಪೌಂಡಿನ ಮೇಲೆ ಬಿಸಿಲಿಗೆ ಹಾಕಿದಳು. ಏಳು ಸೀರೆಗಳ ಬಣ್ಣಗಳು ಗೋಡೆಯ ಉದ್ದಕ್ಕೂ ಬಿದ್ದವು. ಕಾಗದ ಹಾಕಲು ಬಂದವರೆಲ್ಲ ನಿಂತು ನೋಡಿದರು. ಯಾರೋ ಹೆಂಗಸು ಹೊಲಿಗೆಯ ಸಾಲನ್ನು ಬೆರಳಲ್ಲಿ ಎಣಿಸಿ, ಎಷ್ಟು ತಿಂಗಳು ಎಂದು ಕೇಳಿದಳು. ಕೌದಿ ಹೊಲಿಯಲು ಹಿಡಿದ ತಿಂಗಳೋ, ಅಕ್ಕನ ಬಸಿರಿನ ತಿಂಗಳೋ ತಿಳಿಯದೆ ಅವ್ವ ಎರಡನ್ನೂ ಹೇಳಿದಳು. ಮಾಸ್ತರು ನಡುನಡುವೆ ಕಿಟಕಿಯಿಂದ ಇಣುಕಿ, “ಒಣಗ್ತೇನ್ರಿ?” ಎನ್ನುತ್ತಿದ್ದರು.

ಮಧ್ಯಾಹ್ನಕ್ಕೆ ಒಣಗಿತು. ಕಚೇರಿಯ ಬೆಂಚಿನ ಹಲಗೆಯನ್ನೇ ಮೇಲಿಟ್ಟು ಮತ್ತೆ ಗಾಳಿ ತೆಗೆದೆವು. ಮಾಸ್ತರು ತಾವೂ ಒಂದು ಕಾಲಿಟ್ಟರು ಎಂಬುದು ನನ್ನ ನೆನಪು. ಬಹುಶಃ ಹಗ್ಗವನ್ನಷ್ಟೇ ಹಿಡಿದರು. ಮತ್ತೆ ತೂಗಿದರೆ ಇನ್ನೂ ಕೂದಲೆಳೆಯಷ್ಟು ಹೆಚ್ಚು. ಅವ್ವ ಹೊದಿಸಿದ್ದ ಮಂಜರಪಾಟವನ್ನು ಕಿತ್ತು ಕೈಯಲ್ಲಿ ಹಿಡಿದಳು. ತಕ್ಕಡಿ ಸರಿಯಾಯಿತು.

“ಇದನ್ನ ಬಿಟ್ಟ ಕಳಸ್ರಿ.”

“ಪಾರ್ಸೆಲ್ ಗಟ್ಟಿ ಅರಿವ್ಯಾಗ ಹೊಲದಿರಬೇಕು ಮಾವಶಿ. ನಿಯಮ ಅದ.”

“ಏಳು ಸೀರಿ ಹಾಕಿ ಹೊಲದೇನಿ. ಇದಕ್ಕಿಂತ ಗಟ್ಟಿ ಅರಿವಿ ನಿಮ್ಮ ಸರಕಾರದಾಗ ಐತೇನು? ಉಂಡಿ ಒಳಗ, ಕೌದಿ ಹೊರಗ. ಸುತ್ತಲೂ ದಬ್ಬಣದಲೆ ಹೊಲದ ಬಿಡ್ತೇನಿ.”

“ಹೊಲಸಾಗ್ತದಲ್ರಿ ದಾರ್ಯಾಗ.”

“ಒಗದರ ಹೋಗ್ತೈತಿ.”

ಮಾಸ್ತರು ನಿಯಮದ ಪುಸ್ತಕ ತೆಗೆದು ಓದಿದರು. ಒಂದು ಪುಟ ಹಿಂದೆ ಹೋದರು, ಎರಡು ಪುಟ ಮುಂದೆ ಹೋದರು. ಕೌದಿಯ ಬಗ್ಗೆ ಅಲ್ಲಿ ಏನೂ ಇರಲಿಲ್ಲ. ಪುಸ್ತಕ ಮುಚ್ಚಿ, “ವಿಳಾಸ ಬರೆಯಾಕ ಮಾತ್ರ ಒಂದು ಬಿಳಿ ತುಂಡು ಹಚ್ಚರಿ. ಅರಗಿನ ಮುದ್ರೀನೂ ಅದರ ಮ್ಯಾಲ ಒತ್ತತೇನಿ, ಕೌದಿ ಸುಡಬಾರದು” ಎಂದರು.

ಅವ್ವ ಬೆಂಚಿನ ಮೇಲೆ ಕೂತು, ಚಂದದ ಬದಿ ಒಳಗಾಗುವಂತೆ ಕೌದಿಯನ್ನು ಉಂಡಿ, ಕುಂಚಿಗಿಗಳ ಸುತ್ತ ಮಡಚಿ ಅಂಚು ಹೊಲಿದಳು. ಮಂಜರಪಾಟದಿಂದ ಅಂಗೈಯಗಲದ ತುಂಡು ಕತ್ತರಿಸಿ ಮೇಲೆ ಹಚ್ಚಿದಳು. ವಿಳಾಸ ಬರೆದವಳು ನಾನು. ಈ ಇಡೀ ಕತೆಯಲ್ಲಿ ನನಗೆ ಪೂರ್ತಿ ಖಾತ್ರಿಯಿರುವುದು ಇದೊಂದೇ: ಬಟ್ಟೆಯ ಮೇಲೆ ಶಾಯಿ ಹರಡದಂತೆ ಉಸಿರು ಬಿಗಿಹಿಡಿದು ಒಂದೊಂದೇ ಇಂಗ್ಲಿಷ್ ಅಕ್ಷರ ಮೂಡಿಸಿದ್ದು.

ಉಳಿದದ್ದು ಆ ಮೂಲೆ. ಅವ್ವ ಕೈ ಚಾಚಿದಳು. “ರೊಟ್ಟಿ ಕೊಡ.”

ಕಾಕು ಬೆಳಿಗ್ಗೆ ಕೊಟ್ಟ ರೊಟ್ಟಿಯ ಗಂಟು ನನ್ನ ಚೀಲದಲ್ಲಿತ್ತು. ಇತ್ತು ಎಂದರೆ, ರೈಲು ದೇಸೂರು ದಾಟುವವರೆಗೆ ಇತ್ತು. ಅದು ನನ್ನ ನಾಷ್ಟಾ ಎಂದುಕೊಂಡು ಕಡೆಯ ಚೂರಿನವರೆಗೆ ನಾನು ತಿಂದಿದ್ದೆ.

“ತಿಂದಿ?” ಎಂದಳು ಅವ್ವ.

“ತಿಂದೆ.”

“ಎಲ್ಲಾ?”

“ಬೆಳ್ಳುಳ್ಳಿ ಚಟ್ನಿ ಇತ್ತವ್ವಾ.”

“ಕೂಸಿನ ಕೌದೀದು ತುತ್ತು ಕಸಗೊಂಡಿ. ಇಷ್ಟ ಓದಿಸಿದ್ದಕ್ಕೂ ಸಾರ್ಥಕ ಆತು!”

ಡೈರಿಯಲ್ಲಿ ಈ ವಿಷಯದ ಸುಳಿವೇ ಇಲ್ಲ. ಅಪರಾಧಿಯೇ ಬರೆದ ದಾಖಲೆ ಅದು.

ಮನೆಗೆ ಹೋಗಿ ರೊಟ್ಟಿ ತರುವಷ್ಟರಲ್ಲಿ ಆ ದಿನದ ಟಪಾಲು ಹೊರಟುಬಿಡುತ್ತಿತ್ತು. ರೊಟ್ಟಿ ಇಡದೆ ಮೂಲೆ ಹೊಲಿಯಲು ಅವ್ವನಿಗೆ ಕೈ ಬರಲೊಲ್ಲದು. ದಬ್ಬಣ ಹಿಡಿದೇ ಕೂತಳು. ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದೆ, ಮಾಸ್ತರೂ ನೋಡಿದರು. ಒಳಗೆ ಹೋದವರು ಕೈಯಲ್ಲಿ ತಮ್ಮ ಊಟದ ಡಬ್ಬಿ ಹಿಡಿದು ಬಂದರು.

“ಜೋಳದ್ದಲ್ಲ ಮಾವಶಿ, ಅಕ್ಕಿ ಭಾಕ್ರಿ. ನಡೀತದೇನು?”

“ರೊಟ್ಟಿ ಅಂದರ ರೊಟ್ಟಿ. ಕೊಡ್ರಿ, ಕೊಡ್ರಿ.”

ಮೂರು ವಾರ ನಡೆಯಂಗಿಲ್ಲ, ನಡೆಯಂಗಿಲ್ಲ ಎನ್ನುತ್ತಿದ್ದವರ ಡಬ್ಬಿಯಿಂದಲೇ ಕೌದಿಯ ತುತ್ತು ಬಂತು. (ಮೂರು ವಾರ ಅಲ್ಲ, ಡೈರಿ ಲೆಕ್ಕ ಹಿಡಿದರೆ ಎಂಟು ದಿನ.) ಅವ್ವ ಚೂರು ಮುರಿದು ಮೂಲೆಯಲ್ಲಿಟ್ಟು ಹೊಲಿದಳು. ಆಮೇಲೆ ತಾನಾಗಿಯೇ ನಿಯಮ ನೆನಪಿಸಿದಳು: “ಇನ್ನೊಮ್ಮೆ ತೂಗತೀರೇನು?”

“ಆ ತುತ್ತು ನನ್ನ ಡಬ್ಬೀದು ಮಾವಶಿ. ಅದಕ್ಕ ದಿಲ್ಲಿಯವರು ಕೇಳಂಗಿಲ್ಲ.”

ಕೌದಿ ಹೋಯಿತು. ಡಿಸೆಂಬರ್ ಮುಗಿಯುವ ಹೊತ್ತಿಗೆ ಹೆಣ್ಣು ಕೂಸಾಯಿತೆಂದು ತಂತಿ ಬಂತು. ಆಮೇಲೆ ಹಲವು ದಿನ ಸುದ್ದಿಯಿಲ್ಲ. ಅವ್ವ ದಿನಾ ಟಪಾಲಿನವನ ದಾರಿಗೆ ಅಡ್ಡ ನಿಂತಳು. ಕಡೆಗೆ ಕೌದಿ ಮುಟ್ಟಿತೆಂದು ಅಕ್ಕನ ಇನ್‌ಲ್ಯಾಂಡ್ ಕಾಗದ ಬಂತು. ತೊಟ್ಟಿಲಿಗೆ ಹಾಕುವ ದಿನ, ಹೂವಿನ ಸರ ಕಟ್ಟುತ್ತಿರುವಾಗಲೇ ಬಾಗಿಲಲ್ಲಿ ಅಂಚೆಯವನು ಕೂಗಿದ, ಕೌದಿ ಬಂತು ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಅಕ್ಕ ಅದನ್ನು ಕೇಳಿದಾಗಲೆಲ್ಲ ನಗುತ್ತಾಳೆ.

“ಹೆರಿಗೀಗೆ ಒಂಬತ್ತ ದಿನ ಮೊದಲ ಬಂದಿತ್ತ ಬಿಡ. ಒಂಬತ್ತೂ ದಿನ ನಾನ ಅದನ್ನ ಹೊಚ್ಚಿಕೊಂಡ ಮಲಗಿದ್ದೆ. ನಾಟಕದ ಕಂಪನಿ ಸೇರಬೇಕಿತ್ತು ನೀ.”

ಅಕ್ಕ ಹೇಳಿದ್ದೇ ಸರಿ. ಕೂಸಿಗೂ ಮೊದಲು ಅವಳು ಹೊದ್ದದ್ದು ಅವ್ವನಿಗೆ ಬೇಕಾದದ್ದೇ ಆಗಿತ್ತು. ತೊಟ್ಟಿಲ ದಿನ ಅಕ್ಕ ಅದನ್ನು ಮಡಚಿ ಕೂಸಿನ ಕೆಳಗೆ ಹಾಸಿದಳಂತೆ.

ಎಂಬತ್ತರ ದಶಕದ ನಡುವಿನಲ್ಲಿ ಒಂದು ಬೇಸಿಗೆ ರಜೆಗೆ ಅಕ್ಕ ಮಗಳೊಡನೆ ಖಾನಾಪುರಕ್ಕೆ ಬಂದಳು. ಹಾಸಿಗೆಯ ಸುರುಳಿಯಲ್ಲಿ ಕೌದಿಯೂ ಬಂದಿತ್ತು. ಬಣ್ಣವೆಲ್ಲ ಮಾಸಿತ್ತು, ನನ್ನ ನೀಲಿ ಮಾತ್ರ ಇನ್ನೂ ನೀಲಿ. ಆ ಬಿಳಿ ತುಂಡನ್ನು ಅಕ್ಕ ಬಿಚ್ಚಿಯೇ ಇರಲಿಲ್ಲ. ಅರಗು ಉದುರಿ ಕಂದು ಕಲೆಯಷ್ಟೇ ಉಳಿದಿತ್ತು. ಒಗೆದು ಒಗೆದು ತೆಳುವಾದ ಅಕ್ಷರಗಳನ್ನು ನಾನು ಹೆಮ್ಮೆಯಿಂದ ಅಕ್ಕನ ಮಗಳಿಗೆ ತೋರಿಸಿದೆ.

“ನೋಡು, ನಾ ಬರದದ್ದು.”

ಹಾಗೆಂದವಳು ಬಗ್ಗಿ ನೋಡಿದೆ. ದುಂಡನೆಯ, ಒಂದಕ್ಕೊಂದು ತಾಗದ ಅಕ್ಷರಗಳು. ಪಿನ್ ಕೋಡಿನ ಏಳರ ನಡುವೆ ಅಡ್ಡ ಗೆರೆ. ನಾನು ಏಳಕ್ಕೆ ಎಂದೂ ಅಡ್ಡ ಗೆರೆ ಹಾಕಿದವಳಲ್ಲ.

“ಮಾಸ್ತರ ಬರದಿದ್ರು,” ಎಂದಳು ಅವ್ವ, ಬೆಳ್ಳುಳ್ಳಿ ಸುಲಿಯುತ್ತ. “ನೀ ಬರೀತೇನಿ ಅಂದಿ, ನಾ ಬ್ಯಾಡ ಅಂದೆ. ಕೋಳಿ ಕೆದರಿದಂಗ ಇರೋ ನಿನ್ನ ಅಕ್ಷರ ನಂಬಿದ್ರ ಕೌದಿ ಲಂಕಾಕ್ಕ ಹೋಗತಿತ್ತು.”

ಉಸಿರು ಬಿಗಿಹಿಡಿದದ್ದು ನನಗೆ ಈಗಲೂ ನೆನಪಿದೆ. ಅವರು ಬರೆಯುವುದನ್ನು ನೋಡುತ್ತ ಹಿಡಿದಿದ್ದೆನೋ ಏನೋ.

ಮರುದಿನ ಅವ್ವ ಮೊಮ್ಮಗಳ ಕೈಯಲ್ಲಿ ಕೌದಿ ಹೊರಿಸಿಕೊಂಡು ಟಪಾಲ ಕಚೇರಿಗೆ ಹೊರಟಳು. ನಾನೂ ಅಕ್ಕನೂ ಹಿಂದೆ ಹೋದೆವು. ಎಲ್ಲೆಲ್ಲೋ ವರ್ಗವಾಗಿ ಮಾಸ್ತರು ಮತ್ತೆ ಅಲ್ಲಿಗೇ ಬಂದಿದ್ದರು. ಕೂದಲು ಬೆಳ್ಳಗಾಗಿತ್ತು, ಟೇಪು ಕೊರಳಲ್ಲೇ ಇತ್ತು. ಗೋಡೆಯ ಮೇಲೆ ಇನ್ನೊಂದು ಹೊಸ ದರಪಟ್ಟಿ.

“ತೂಗ್ರಿ,” ಎಂದಳು ಅವ್ವ.

“ಎಲ್ಲಿಗೆ ಕಳಸೂದು ಮಾವಶಿ?”

“ಎಲ್ಲಿಗೂ ಇಲ್ಲ. ಬರೇ ತೂಗ್ರಿ.”

ತೂಗಿದರು. ಏಳೆಂಟು ವರ್ಷದ ಒಗೆತದಲ್ಲಿ ಕೌದಿ ಸವೆದು ಹಗುರಾಗಿತ್ತು. ಉಂಡಿಯ ತೂಕ ಬಿಟ್ಟು ಲೆಕ್ಕ ಹಾಕಿದರೂ ಒಂದು ಅರ್ಧ ಕಿಲೋ ಕೆಳಕ್ಕೆ ಬಂದಿತ್ತು.

“ನೋಡ್ರಿ, ನಾ ಅವತ್ತ ಹೇಳಿದ್ದೆ. ಹೆಚ್ಚಿಗಿ ತಗೊಂಡೀರಿ. ವಾಪಸ್ ಕೊಡ್ರಿ.”

ಮಾಸ್ತರು ಕನ್ನಡಕ ಏರಿಸಿ ಬಿಳಿ ತುಂಡನ್ನು ನೋಡಿದರು, ತಮ್ಮ ಅಕ್ಷರ ಗುರುತಿಸಿದರು, ಗೋಡೆಯ ಕಡೆ ತಿರುಗಿದರು. “ಕೊಡೋಣಂತ. ಆದರ ಈಗಿನ ದರಕ್ಕ ಹಚ್ಚಿದರ ನೀವ ನನಗ ಕೊಡಬೇಕಾಗ್ತದ ಮಾವಶಿ.”

ಆಮೇಲೆ ತಕ್ಕಡಿಯಿಂದ ಇಳಿಸುವಾಗ ಆ ಮೂಲೆಯನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿದರು. ಏನೋ ಪುಡಿ ಪುಡಿ ಸಿಕ್ಕಿರಬೇಕು. ಒಳಗೆ ಹೋಗಿ ಡಬ್ಬಿ ತಂದರು.

“ಮತ್ತೊಮ್ಮೆ ಉಣಿಸೂಣೇನು?”

“ಅದಕ್ಕ ಒಮ್ಮೆ ಉಣಿಸಿದರ ಸಾಕು,” ಎಂದು ಅವ್ವ ಆ ಹಳೆಯ ಬೆಂಚಿನ ಮೇಲೆ ಕೂತು ಕೈ ಚಾಚಿದಳು. “ಮುಂಜಾನಿಂದ ಉಂಡಿಲ್ಲ, ನನಗ ಕೊಡ್ರಿ.”